ಅಕ್ಕ ಕೊಟ್ಟ ಕೋಳಿ

ಬೆಳಗ್ಗೆ ಗೂಡಿನ ಬಾಗಿಲು ತೆಗೆದಾಗ ಚೀಫ್ ಹೊರಗೆ ಬರಲಿಲ್ಲ. ಮಿಕ್ಕ ದಿನಗಳಲ್ಲಿ ಅಗುಳಿ ಅಲ್ಲಾಡಿದ್ದೇ ತಡ, ಕತ್ತು ನೀಳ ಮಾಡಿ, ಎದೆ ಮುಂದಕ್ಕೆ ಚಾಚಿ, ಗುಡ್ಡದಾಚೆಗೂ ಕೇಳುವಂತೆ ಕೂಗುತ್ತ ಮೊದಲು ಹೊರಬೀಳುತ್ತಿದ್ದುದು ಆ ಗಂಡು ಹೆಬ್ಬಾತೇ. ಹಿಂದೆ ಮೂರು ಹೆಣ್ಣುಗಳು ಸಾಲಾಗಿ. ಆ ನಡಿಗೆ ನೋಡಿಯೇ ನಖುಮಿಚಾಳ ಗಂಡ ಸಿಯುಂಡು ಅದಕ್ಕೆ ಚೀಫ್ ಎಂದು ಹೆಸರಿಟ್ಟಿದ್ದ. ನಮ್ಮ ಸರಹದ್ದಿನ ಸರಕಾರಿ ಅಧಿಕಾರಿ, ಚೀಫ್, ಸಭೆಗೆ ಬರುವುದೂ ಹಾಗೆಯೇ, ಮೊದಲು ಹೊಟ್ಟೆ, ಆಮೇಲೆ ಅವನು.

ನಖುಮಿಚಾ ಬಗ್ಗಿ ಒಳಗೆ ನೋಡಿದಳು. ಚೀಫ್ ಮೂಲೆಯಲ್ಲಿ ಮುದುರಿ ಕುಳಿತಿತ್ತು. ಕೊಕ್ಕಿನಿಂದ ಲೋಳೆ ಇಳಿಯುತ್ತಿತ್ತು. ನೆಲದ ಹುಲ್ಲಿನ ಮೇಲೆಲ್ಲ ಹಸಿರು ಹಿಕ್ಕೆ, ನೀರುನೀರಾಗಿ. ಹೆಣ್ಣುಗಳಲ್ಲಿ ಒಂದು ಕತ್ತು ಚೆಲ್ಲಿ ಮಲಗಿತ್ತು, ಮುಟ್ಟಿದರೆ ತಣ್ಣಗಾಗಿತ್ತು. ನಿನ್ನೆ ಸಂಜೆ ಅದೇ ಹಕ್ಕಿ ಅವಳ ಲಂಗದ ಅಂಚು ಎಳೆದು ಮೆಕ್ಕೆಜೋಳ ಕೇಳಿತ್ತು.

ಅವು ಅವಳ ಅಡುಗೆಮನೆಯಲ್ಲೇ ಬೆಳೆದವು. ಮಿಶನ್ ಶಾಲೆಯ ಅಡುಗೆಯವಳಿಂದ ಮೊಟ್ಟೆ ತಂದು ಕೋಳಿಯ ಕಾವಿಗೆ ಇಟ್ಟಿದ್ದಳು. ಮರಿಗಳು ಹೊರಬಂದು ಬಚ್ಚಲ ನೀರಿಗೆ ಇಳಿದದ್ದು ಕಂಡು ಆ ಕೋಳಿ ಬೆದರಿ, ಮತ್ತೆ ಅವುಗಳ ಹತ್ತಿರ ಸುಳಿಯಲಿಲ್ಲ. ಅಂದಿನಿಂದ ತಾಯಿ ನಖುಮಿಚಾಳೇ. ಅವಳು ಹೊಳೆಗೆ ಹೋದರೆ ಹೊಳೆಗೆ, ಚರ್ಚಿಗೆ ಹೊರಟರೆ ಬೇಲಿಯವರೆಗೆ ಹಿಂದೆ ಬರುತ್ತಿದ್ದವು. ಹಬ್ಬ ಬಂದಾಗಲೆಲ್ಲ ಸಿಯುಂಡು ಕತ್ತಿ ಮಸೆಯುತ್ತ, ನಿನ್ನ ಮಕ್ಕಳಲ್ಲಿ ಯಾರು ದಪ್ಪಗಿದ್ದಾರೆ ಎಂದು ಕೇಳುವನು. ಅವಳು ಅವನ ಹೊಟ್ಟೆ ತೋರಿಸುವಳು.

ಆ ಗೂಡಿನಲ್ಲಿ ಈಗ ಒಂದು ಕೋಳಿಯೂ ಇತ್ತು. ಹಿಂದಿನ ವಾರ ಅಕ್ಕ ನಲ್ಯಾಕಾಳ ಮಗಳ ಮದುವೆಯ ತೆರದ ಮಾತುಕತೆಗೆ ನಖುಮಿಚಾ ಚ್ವೆಲೆ ಪೇಟೆ ಕಡೆಯ ಅಕ್ಕನ ಮನೆಗೆ ಹೋಗಿದ್ದಳು. ನಮ್ಮಲ್ಲಿ ಒಡಹುಟ್ಟಿದವರು ಬಂದು ಹೊರಟಾಗ ಕಂಕುಳಲ್ಲಿ ಒಂದು ಜೀವಂತ ಕೋಳಿ ಇಟ್ಟು ಕಳಿಸದೆ ಇರುವುದುಂಟೆ? ಹಾಗೆ ಬಂದ ಕೋಳಿಯನ್ನು ಕೊಯ್ಯುವಂತಿಲ್ಲ. ಒಂದು ಸಲವಾದರೂ ಅದು ಮರಿ ಮಾಡಬೇಕು. ಬೀಗರೆಲ್ಲ ನೋಡುತ್ತಿರುವಾಗ ನಲ್ಯಾಕಾ ಕಾಲು ಕಟ್ಟಿದ ಕೆಂಪು ಹೇಂಟೆಯನ್ನು ತಂಗಿಯ ಕೈಗೆ ಇಟ್ಟಿದ್ದಳು. ನಖುಮಿಚಾಳ ಕೋಳಿಗಳನ್ನೆಲ್ಲ ಬೇಸಗೆಯಲ್ಲಿ ಮುಂಗುಸಿ ಮುಗಿಸಿತ್ತು. ಅಕ್ಕ ಕೊಟ್ಟಿದ್ದಕ್ಕೂ ಅದೇ ಗತಿಯಾಗಬಾರದೆಂದು ಅದನ್ನು ಹೆಬ್ಬಾತುಗಳ ಜೊತೆಗೇ ಕೂಡಿಹಾಕಿದ್ದಳು. ಚೀಫ್ ಇರುವ ಕಡೆ ಮುಂಗುಸಿ ಬರುವುದಿಲ್ಲ.

ಸತ್ತ ಹಕ್ಕಿಯನ್ನು ಸಿಯುಂಡು ಬಾಳೆಯ ಹಿಂದೆ ಹೂತ. ನಖುಮಿಚಾ ಅಕ್ಕನಿಗೆ ಫೋನು ಮಾಡಿದಳು. ಕಷ್ಟ ಬಂದಾಗ ಅವಳು ಮೊದಲು ಕರೆಯುವುದು ಅಕ್ಕನನ್ನೇ. ತಾಯಿ ಸತ್ತಾಗ ಅವಳನ್ನು ಬೆನ್ನಿಗೆ ಕಟ್ಟಿಕೊಂಡು ಹೊಲ ಅಗೆದವಳು, ಮಡಿಲಲ್ಲಿ ಕೂರಿಸಿ ಮುದ್ದೆ ತಿನ್ನಿಸಿದವಳು ನಲ್ಯಾಕಾ. ಬಿಸಿಲೇರುವ ಹೊತ್ತಿಗೆ ಅವಳು ಬಾಡಿಗೆ ಬೈಕಿನ ಹಿಂದೆ ಕುಳಿತು ಬಂದೇಬಿಟ್ಟಳು.

ಇಳಿದವಳು ಮೊದಲು ಕೇಳಿದ್ದು, ಕೋಳಿ ಎಲ್ಲಿ ಎಂದು. ನಖುಮಿಚಾ ತೋರಿಸಿದಳು. ಅದು ಬಾಳೆಯ ಬುಡದಲ್ಲಿ ಮಣ್ಣು ಕೆದರುತ್ತ ಚುರುಕಾಗಿ ಓಡಾಡಿಕೊಂಡಿತ್ತು. ನಲ್ಯಾಕಾ ಅದನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಚೀಫನ ಕೊಕ್ಕು ಒರೆಸಿದಳು.

"ಹೊಳೆ ನೀರು ಕಣೇ ಇದು. ಮೇಲ್ಗಡೆ ಕಾಫಿ ತೊಳೆದ ನೀರು ಬಿಡ್ತಾರಲ್ಲ, ಅದನ್ನ ಕುಡಿದಿವೆ."

ಜಾನುವಾರು ಔಷಧಿಯ ಲುಸ್ವೆಟಿಯನ್ನು ಕರೆಯೋಣ ಎಂದು ಸಿಯುಂಡು ಅಂದ. ಆ ಮನುಷ್ಯ ಬಂದರೆ ಎಲ್ಲವನ್ನೂ ಕೊಂದು ಹೂಳಿ ಅನ್ನುತ್ತಾನೆ, ಅವನಿಗೆ ಬರುವುದು ಅದೊಂದೇ ವೈದ್ಯ ಎಂದಳು ನಲ್ಯಾಕಾ. ಅಕ್ಕ ಹೇಳಿದ ಮೇಲೆ ನಖುಮಿಚಾಳಿಗೆ ಎರಡನೆಯ ಯೋಚನೆ ಬರಲಿಲ್ಲ. ಇಬ್ಬರೂ ಕೂಡಿ ಬಾವಿಯ ನೀರು ಸೇದಿ ತಂದರು. ಲೋಳೆಸರ ಅರೆದು, ಬೂದಿ ಬೆರೆಸಿ, ಒಬ್ಬಳು ಕತ್ತು ಹಿಡಿದು ಇನ್ನೊಬ್ಬಳು ಚಮಚದಿಂದ ಗಂಟಲಿಗೆ ಬಿಟ್ಟರು. ಇಡೀ ದಿನ ಅದೇ ಕೆಲಸ. ಚಿಕ್ಕಂದಿನಲ್ಲಿ ತನಗೆ ಮಲೇರಿಯಾ ಬಂದಾಗಲೂ ಅಕ್ಕ ಹೀಗೇ ಕತ್ತಿನ ಕೆಳಗೆ ಕೈಯಿಟ್ಟು ಕಷಾಯ ಕುಡಿಸಿದ್ದನ್ನು ನಖುಮಿಚಾ ಗಂಡನಿಗೆ ಹೇಳಿದಳು. ನಲ್ಯಾಕಾ ತಲೆ ಎತ್ತಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಎರಡನೆಯ ಹೆಣ್ಣು ನಖುಮಿಚಾಳ ಮಡಿಲಲ್ಲಿ ಸತ್ತಿತು. ನಲ್ಯಾಕಾಳೂ ಅತ್ತಳು.

ಮರುದಿನ ಯಾರನ್ನೂ ಕೇಳದೆ ಸಿಯುಂಡು ಹೋಗಿ ಲುಸ್ವೆಟಿಯನ್ನು ಕರೆತಂದ. ಅವನ ಬೈಕಿನ ಸದ್ದು ಕೇಳುತ್ತಿದ್ದಂತೆ ನಲ್ಯಾಕಾ ಚಹಾ ಉಕ್ಕುತ್ತದೆ ಎಂದು ಒಳಗೆ ಹೋದಳು. ಲುಸ್ವೆಟಿ ಹಿಕ್ಕೆ ನೋಡಿದ, ಚೀಫನ ಕಣ್ಣರೆಪ್ಪೆ ಬಿಡಿಸಿ ನೋಡಿದ. ಇದು ನೀರಿನ ಕೆಲಸ ಅಲ್ಲ, ಹಕ್ಕಿಯಿಂದ ಹಕ್ಕಿಗೆ ಬರುವ ರೋಗ ಎಂದ. ಹೊಸದಾಗಿ ಏನಾದರೂ ತಂದಿರಾ ಎಂದು ಕೇಳಿದ. ಅಕ್ಕ ಕೊಟ್ಟ ಒಂದು ಕೋಳಿ ಇದೆ, ಅದು ಗಟ್ಟಿಮುಟ್ಟಾಗಿದೆ ಎಂದಳು ನಖುಮಿಚಾ.

"ಕೆಲವು ಸಲ ಗಟ್ಟಿಯಾಗಿರೋದೇ ಹೊತ್ಕೊಂಡು ಬರೋದಮ್ಮ. ಅವರ ಮನೇಲಿ ಕೋಳಿ ಸತ್ತಿದಾವಾ ಅಂತ ಕೇಳಿ ನೋಡಿ."

ಸತ್ತಿದ್ದರೆ ಅಕ್ಕ ಹೇಳದೆ ಇರುತ್ತಿರಲಿಲ್ಲ ಎಂದು ಅವಳು ಅಷ್ಟೇ ಸಮಾಧಾನವಾಗಿ ಉತ್ತರ ಕೊಟ್ಟಳು. ಎಲ್ಲೋ ಒಂದು ಹಸು ಈಯುವುದರಲ್ಲಿತ್ತು, ಲುಸ್ವೆಟಿ ಅಲ್ಲಿಗೆ ಹೋಗಬೇಕಿತ್ತು. ನೀರಿಗೆ ಕಲಸಿ ಕುಡಿಸಿ ಎಂದು ಹಳದಿ ಪುಡಿಯ ಪೊಟ್ಟಣ ಕೈಗಿಟ್ಟು, ಚಹಾಕ್ಕೂ ನಿಲ್ಲದೆ ಹೊರಟುಹೋದ.

ನಖುಮಿಚಾ ಅಂಗಳದಲ್ಲಿ ಬೋಗುಣಿ ಇಟ್ಟು ಪುಡಿ ಕಲಸುತ್ತಿದ್ದಳು. ನಲ್ಯಾಕಾ ಒಳಗಿನಿಂದ ಬಂದು ಬೋಗುಣಿಯನ್ನು ಕಣಜದ ನೆರಳಿಗೆ ಸರಿಸಿದಳು.

"ಬಿಸಿಲಿಗೆ ಇಟ್ರೆ ಔಷಧಿ ಕೆಟ್ಟೋಗುತ್ತೆ. ಸಂಜೆ ಇದನ್ನ ಚೆಲ್ಲಿ ಹೊಸದಾಗಿ ಕಲಸ್ಬೇಕು."

ಲುಸ್ವೆಟಿ ಈ ಮಾತು ಹೇಳಿರಲಿಲ್ಲ. ನಖುಮಿಚಾಳ ಕೈ ನೀರಿನಲ್ಲಿ ನಿಂತಿತು.

"ನಿಂಗೆ ಹೇಗೆ ಗೊತ್ತಕ್ಕ?"

ನಲ್ಯಾಕಾ ಕೈ ಒರೆಸಿಕೊಂಡಳು. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡಳು.

"ನಮ್ಮನೇಲೂ ಕೊಟ್ಟಿದ್ದೆ."

"ಯಾವಾಗ?"

"ಮಾತುಕತೆಗೆ ಮುಂಚೆ."

"ಎಷ್ಟು ಉಳೀತು?"

"ಅದೊಂದೇ." ಗದ್ದ ಎತ್ತಿ ಬಾಳೆಯ ಕಡೆ ತೋರಿಸಿದಳು. ಕೆಂಪು ಹೇಂಟೆ ಅಲ್ಲಿ ರೆಕ್ಕೆ ಬಿಚ್ಚಿ ಧೂಳಿನಲ್ಲಿ ಹೊರಳುತ್ತಿತ್ತು.

ಅದನ್ನೂ ಕೊಲ್ಲಬೇಕು ಅಂತ ತಮ್ಮ ಮನೆಗೆ ಬಂದಿದ್ದ ಔಷಧಿಯವನು ಹೇಳಿದ್ದು ಹೌದು ಎಂದು ನಲ್ಯಾಕಾಳೇ ಒಪ್ಪಿಕೊಂಡಳು. ಕೊಲ್ಲಲು ಮನಸ್ಸಾಗಲಿಲ್ಲವಂತೆ. ಅಷ್ಟರಲ್ಲಿ ಬೀಗರು ಬಂದರು, ತಂಗಿ ಬಂದಳು.

"ಅವರೆಲ್ಲ ಕೂತಿದ್ರು ಕಣೇ. ಒಡಹುಟ್ಟಿದವಳನ್ನ ಬರಿಗೈಲಿ ಕಳಿಸಿದ್ಲು, ಇಂಥ ಮನೆಯ ಹುಡುಗೀನ ನಾವು ತಗೊಳ್ಳೋದಾ ಅಂತ ಅನ್ನಿಸ್ಕೋಬೇಕಿತ್ತಾ ನಾನು? ಅದು ಚೆನ್ನಾಗೇ ಇತ್ತು. ತಿಂತಿತ್ತು, ಓಡಾಡ್ತಿತ್ತು."

"ಆವತ್ತಿನ ಮಾತು ಬಿಡಕ್ಕ. ನಿನ್ನೆ? ನಿನ್ನೆ ಇಡೀ ದಿನ ನನ್ನ ಪಕ್ಕ ಕೂತು ಲೋಳೆಸರ ಅರೆದ್ಯಲ್ಲ."

"ಹೇಳೋಣ ಅಂತಲೇ ಬಂದೆ. ನಿನ್ನ ಮುಖ ನೋಡಿ ಬಾಯಿ ಬರ್ಲಿಲ್ಲ."

"ಬಂತಲ್ಲ. ಹೊಳೆ ನೀರು ಅಂತ ಬಂತಲ್ಲ."

ನಖುಮಿಚಾ ಮತ್ತೆ ಪುಡಿ ಕಲಸತೊಡಗಿದಳು. ತಪ್ಪಾಯಿತು ಎಂದು ಅಕ್ಕ ಒಂದು ಮಾತು ಅಂದಿದ್ದರೆ ತಾನೇನು ಮಾಡುತ್ತಿದ್ದೆನೋ ಅವಳಿಗೆ ಗೊತ್ತಿರಲಿಲ್ಲ. ಅಕ್ಕ ಅಂದದ್ದು ಬೇರೆ: ಏನೇ ಅಂದರೂ ಅವು ಹಕ್ಕಿಗಳು, ಮನುಷ್ಯರಲ್ಲವಲ್ಲ.

ಸಿಯುಂಡು ಕೆಂಪು ಹೇಂಟೆಯನ್ನು ಹಿಡಿದು ಹಿತ್ತಲಿಗೆ ಒಯ್ದ. ಎಲ್ಲದಕ್ಕೂ ಒಂದು ಕುಚೋದ್ಯ ಇಟ್ಟುಕೊಂಡಿರುವವನು, ಆ ಹೊತ್ತು ಬಾಯಿ ಮುಚ್ಚಿಕೊಂಡೇ ಅದರ ಕತ್ತು ಮುರಿದು, ಸುಣ್ಣ ಸುರಿದು ಆಳಕ್ಕೆ ಹೂತ. ನಖುಮಿಚಾ ಗೂಡಿನ ಮುಂದೆ ಕುಳಿತು, ಉಳಿದ ಹೆಣ್ಣಿಗೊಂದು ಚಮಚ, ಚೀಫಿಗೊಂದು ಚಮಚ, ಹೊತ್ತು ಇಳಿಯುವವರೆಗೆ ಬಿಡುತ್ತಲೇ ಇದ್ದಳು. ಕತ್ತು ಹಿಡಿಯಲು ನಲ್ಯಾಕಾ ಬಂದಾಗ ಅವಳು ಹಕ್ಕಿಯನ್ನು ತನ್ನ ತೊಡೆಗಳ ನಡುವೆ ಒತ್ತಿ ಹಿಡಿದು, ಒಂದೇ ಕೈಯಲ್ಲಿ ಕುಡಿಸಿದಳು. ಅರ್ಧ ಚೆಲ್ಲಿ ಹೋಗುತ್ತಿತ್ತು.

ನಲ್ಯಾಕಾ ಒಳಗೆ ಹೋಗಿ ಪಾತ್ರೆ ತೊಳೆದಳು. ತೊಳೆಯುವುದು ಮುಗಿದ ಮೇಲೆ ಚೀಲ ತೆಗೆದುಕೊಂಡು ಹೊರಬಂದು, ಹೋಗಿಬರುತ್ತೇನೆ ಎಂದಳು. ಹೊರಟವರ ಚೀಲವನ್ನು ಮನೆಯವರು ತೆಗೆದುಕೊಂಡು, ರಸ್ತೆಯ ತಿರುವಿನವರೆಗೆ ಜೊತೆಗೆ ನಡೆದು, ಅಲ್ಲಿ ಇನ್ನಷ್ಟು ನಿಂತು ಮಾತಾಡಿ, ಆಮೇಲೆ ಬಿಟ್ಟುಬರಬೇಕು. ಜಗಳವಾಡಿದವರೂ ಅಷ್ಟು ದೂರ ನಡೆಯುತ್ತಾರೆ. ನಲ್ಯಾಕಾ ಬೇಲಿಯ ಬಾಯಿಯವರೆಗೆ ಹೋಗಿ, ಚೀಲವನ್ನು ನೆಲಕ್ಕಿಟ್ಟು ನಿಂತಳು. ಸಿಯುಂಡು ಹೆಂಡತಿಯ ಕಡೆ ನೋಡಿದ. ಅವಳು ಏಳಲಿಲ್ಲ. ಅವನು ಒಂದು ಹೆಜ್ಜೆ ಇಟ್ಟವನು ಅಲ್ಲೇ ನಿಂತುಬಿಟ್ಟ.

ಆಗ ಚೀಫ್ ತಾನಾಗಿಯೇ ಕತ್ತು ನೀಡಿತು. ತಲೆ ನಡುಗುತ್ತಿತ್ತು. ಕೊಕ್ಕನ್ನು ಬೋಗುಣಿಗೆ ಅದ್ದಿ, ಮೇಲೆತ್ತಿ, ನುಂಗಿತು. ಮತ್ತೆ ಅದ್ದಿತು.

ಅಕ್ಕಾ, ಕುಡೀತು ನೋಡು. ಮಾತು ನಖುಮಿಚಾಳ ನಾಲಗೆಯವರೆಗೆ ಬಂತು, ತಲೆಯೂ ಬೇಲಿಯ ಕಡೆ ಅರ್ಧ ತಿರುಗಿತು. ನಲ್ಯಾಕಾ ಇನ್ನೂ ಅಲ್ಲೇ ಇದ್ದಳು, ಕರೆಯುತ್ತಾಳೇನೋ ಎಂಬಂತೆ. ನಖುಮಿಚಾ ಮುಖವನ್ನು ಮತ್ತೆ ಬೋಗುಣಿಯ ಕಡೆಗೆ ತಂದುಕೊಂಡು, ಹಕ್ಕಿಗೆ ಎಟುಕುವಂತೆ ಅದನ್ನು ಸ್ವಲ್ಪ ಓರೆ ಮಾಡಿ ಹಿಡಿದಳು.