ರಮ್ಯಶ್ರೀ ಮಿಸ್ ಮಾತಾಡಿದ ದಿನ

ಬೆಂಗಳೂರಿನ ಹೆಗ್ಗನಹಳ್ಳಿಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆ. ಅಲ್ಲಿ ಮುಖ್ಯೋಪಾಧ್ಯಾಯಿನಿ ಶಿವಗಂಗಮ್ಮ. ಶನಿವಾರದ ಮೀಟಿಂಗಿನಲ್ಲಿ ಅವರೊಬ್ಬರೇ ಮಾತಾಡುತ್ತಿದ್ದರು. ಉಳಿದ ಟೀಚರುಗಳು "ಆಯ್ತು ಮೇಡಂ" ಎಂದು ಎದ್ದು ಹೋಗುತ್ತಿದ್ದರು. ನಿಮ್ಮ ಬಡಾವಣೆಯ ಶಾಲೆಯಲ್ಲೂ ಹೀಗೇ ಇರಬಹುದು.

ಒಂದು ದಿನ, ಚಿಕ್ಕ ಮಕ್ಕಳ ನಲಿಕಲಿ ತರಗತಿಯ ರಮ್ಯಶ್ರೀ ಮಿಸ್ ವರ್ಗಾವಣೆ ಕೇಳುತ್ತಾರಂತೆ ಎಂಬ ಸುದ್ದಿ ಬಂತು. ಮಕ್ಕಳು ಅವರ ಸೆರಗು ಬಿಡುತ್ತಿರಲಿಲ್ಲ. ಶಿವಗಂಗಮ್ಮ ಅಂದೇ ಸಂಜೆ ಆರ್‌ಪಿಸಿ ಲೇಔಟಿನಲ್ಲಿರುವ ವಿಮಲಮ್ಮನ ಮನೆಗೆ ಹೋದರು. ವಿಮಲಮ್ಮ ಅದೇ ಶಾಲೆಯಲ್ಲಿ ಅವರ ಜೊತೆ ಪಾಠ ಮಾಡಿ ನಿವೃತ್ತರಾದವರು.

"ಎಲ್ಲಾ ನಾನೇ ಯೋಚ್ನೆ ಮಾಡಿ ಹೇಳ್ತೀನಿ ವಿಮಲಕ್ಕ. ಆದ್ರೂ ಯಾರಿಗೂ ಉತ್ಸಾಹನೇ ಇಲ್ಲ."

ವಿಮಲಮ್ಮ ಕಾಫಿ ಕೊಟ್ಟು ನಕ್ಕರು. "ಹೆಡ್‌ಮಾಸ್ಟರು ಶಂಭುಲಿಂಗಪ್ಪನೋರು ಜ್ಞಾಪಕ ಇದಾರಾ? ಆಗ ನೀನಿನ್ನೂ ಹೊಸಬಳು. ಸ್ಕೂಲ್ ಡೇ ಪೂರ್ತಿ ನಿನ್ನ ಕೈಗೇ ಬಿಟ್ಟಿದ್ರು."

ಶಿವಗಂಗಮ್ಮನ ಮುಖ ಅರಳಿತು. ಆಗ ಹೆಂಚಿನ ಕಟ್ಟಡ, ಸುತ್ತ ಇನ್ನೂ ರಾಗಿ ಹೊಲ. ನಾಟಕದ ನಡುವೆ ಪರದೆ ಕಳಚಿ ಬಿದ್ದಿತ್ತು. ಮೇಷ್ಟ್ರು ಬೈಯಲಿಲ್ಲ. ಸ್ಟೂಲ್ ಹತ್ತಿ, ನಾಟಕ ಮುಗಿಯುವವರೆಗೂ ಪರದೆ ಹಿಡಿದು ನಿಂತಿದ್ದರು. ಆ ವರ್ಷ ಶಾಲೆ ಬಿಟ್ಟರೂ ಮನೆಗೆ ಹೋಗುವುದೇ ಬೇಡ ಅನ್ನಿಸುತ್ತಿತ್ತು.

"ಈಗ ಕಾಲ ಬೇರೆ ಅಕ್ಕ. ಹೆಚ್ಚುಕಮ್ಮಿ ಆದ್ರೆ ಮೇಲಿನೋರು ಕೇಳೋದು ನನ್ನನ್ನೇ."

"ಕೇಳ್ಲಿ, ನೀನೇ ಉತ್ತರ ಹೇಳು. ಆದ್ರೆ ತೀರ್ಮಾನ ಮಾಡೋವಾಗ ಅವ್ರನ್ನೂ ಕೂರಿಸ್ಕೋ. ನೀನು ಬರೀ ಕೆಲಸ ಹಂಚ್ತಾ ಇದೀಯ ಕಣೇ."

ಮುಂದಿನ ಮೀಟಿಂಗಿನಲ್ಲಿ ಶಿವಗಂಗಮ್ಮ, "ಮಕ್ಕಳು ಓದೋದ್ರಲ್ಲಿ ಹಿಂದೆ ಬಿದ್ದಿದಾರೆ. ಏನ್ ಮಾಡೋಣ? ನೀವು ಹೇಳಿ" ಎಂದು ಕಾದರು. ನಾಲಗೆ ತುದಿಗೆ ಬಂದ ಮಾತನ್ನು ಅವರು ನುಂಗಿಕೊಂಡರು.

ಕಡೆಗೆ ರಮ್ಯಶ್ರೀ ಮೆಲ್ಲಗೆ ಕೇಳಿದರು: "ಮೇಡಂ, ದೊಡ್ಡ ಮಕ್ಕಳು ದಿನಾ ಬೆಳಿಗ್ಗೆ ಚಿಕ್ಕೋರ ಜೊತೆ ಕೂತು ಕಥೆ ಓದಿದ್ರೆ?"

"ಗಲಾಟೆ ಆಗುತ್ತೆ ಮಿಸ್" ಎಂದರು ಗಿರಿರಾಜ್ ಮೇಷ್ಟ್ರು. ತಡೆದು, "ವರಾಂಡದಲ್ಲಿ ಕೂರ್ಸಿದ್ರೆ ನಾನು ನೋಡ್ಕೋತೀನಿ" ಎಂದರು.

"ಹೇಗೆ ಅಂತ ನೀವಿಬ್ರೇ ತೀರ್ಮಾನ ಮಾಡಿ. ನನಗೂ ಒಂದು ಗುಂಪು ಕೊಡಿ" ಎಂದರು ಶಿವಗಂಗಮ್ಮ.

ಮೊದಮೊದಲು ವರಾಂಡವೆಲ್ಲ ಸಂತೆಯಂತಾಯಿತು. ಶಿವಗಂಗಮ್ಮ ನಿಲ್ಲಿಸಲಿಲ್ಲ. ಟೀಚರುಗಳೇ ಕೂತು ಮಾತಾಡಿ ಗುಂಪು ಬದಲಿಸಿದರು; ಗಲಾಟೆ ತಗ್ಗಿತು. ದಸರಾ ರಜೆಗೆ ಮುಂಚೆ, ಕ್ಲಾಸಿನಲ್ಲಿ ಬಾಯೇ ಬಿಡದಿದ್ದ ವಚನಾ ಎಂಬ ಪುಟ್ಟ ಹುಡುಗಿ ಪುಸ್ತಕ ಎತ್ತಿಕೊಂಡು ಜೋರಾಗಿ ಓದಿದಳು. ರಮ್ಯಶ್ರೀ ಕಣ್ಣೊರೆಸಿಕೊಂಡರು.

"ಮೇಡಂ, ನಾನು ಎಲ್ಲೂ ಹೋಗಲ್ಲ. ಮುಂದೆ ತಾಯಂದಿರನ್ನೂ ಓದೋಕೆ ಕರೆಯೋಣ್ವಾ?"

"ಎಲ್ಲರನ್ನೂ ಕೇಳೋಣ ಬನ್ನಿ ಮಿಸ್."

ಮುಖ್ಯ ಶಿಕ್ಷಕರೇ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರೇ, ಈ ಶನಿವಾರ ನಿಮ್ಮ ಶಾಲೆಯ ಟೀಚರುಗಳನ್ನು ಕೇಳಿ: "ನಿಮಗೇನನ್ಸುತ್ತೆ?" ಕೇಳಿದ ಮೇಲೆ ಸ್ವಲ್ಪ ಕಾಯಿರಿ. ಅವರು ಹೇಳಿದ್ದನ್ನು ಅವರೇ ನಡೆಸಲಿ. ಎಡವಿದರೆ ಜೊತೆಗೆ ನಿಲ್ಲಿ.