ಗುಡ್ಡದ ಬುಡದಲ್ಲಿ ಹೊಗೆ ಕಾಯುವವಳು

ಅದು ಧೂಳು, ಹೊಗೆಯಲ್ಲ, ಧೂಳಿಗೂ ಹೊಗೆಗೂ ಭೇದ ತಿಳಿಯದವರು ಲಾರಿ ಯಾಕೆ ಇಟ್ಟುಕೊಳ್ಳಬೇಕು, ಈ ನಿಜಗುಣಪ್ಪ ಸಾವಕಾರರಿಗೆ ಸವದತ್ತಿ ಗುಡ್ಡದ ಮೇಲೆ ಏನು ಎದ್ದರೂ ಹೊಗೆಯೇ, ನೋಡ್ರಿ ಮೇಸ್ತ್ರಿ, ಮತ್ತ ಹೊಗಿ ಉಗುಳಾಕ ಹತ್ತೈತಿ ಅಂತ ಇವರ ತೋಳು ಹಿಡಿದು ಅಲ್ಲಾಡಿಸುತ್ತಿದ್ದಾರೆ, ಇವರು ಅಂದರೆ ನನ್ನ ಗಂಡ, ಹೆಸರು ನಾನು ಮನಸ್ಸಿನಲ್ಲೂ ಹೇಳುವವಳಲ್ಲ, ಇವರು ತಲೆ ಎತ್ತಿ ಗುಡ್ಡ ನೋಡಿದ ಹಾಗೆ ಮಾಡಿ, ಇನ್ನ ದೂರ ಐತ್ರಿ ಸಾವಕಾರ್ರ, ತಡೀರಿ ಅಂದರು — ಏನು ನೋಡಿದರು, ಮಣ್ಣು, ಎರಡು ವರ್ಷದಿಂದ ಇವರಿಗೆ ಬೆಳಕು ಕತ್ತಲೆ ಬಿಟ್ಟರೆ ಏನೂ ಕಾಣುವುದಿಲ್ಲ, ಮಿರಜಿನ ಡಾಕ್ಟರು ಕಣ್ಣಿನ ನರ ಒಣಗಿದೆ ಅಂದರು, ಹೊರಗಿನಿಂದ ನೋಡಿದರೆ ಕಣ್ಣು ಫಳಫಳ ಹೊಳೆಯುತ್ತವೆ, ಅದೇ ನಮ್ಮ ಪುಣ್ಯ, ಕುರುಡನ ಕೈಗೆ ಎಂಜಿನ್ ಯಾರು ಕೊಡುತ್ತಾರೆ, ಇಲ್ಲಿಂದ ಕಿತ್ತೂರಿನವರೆಗೆ ಒಬ್ಬನೂ ಕೊಡುವುದಿಲ್ಲ, ಹಾಗಾಗಿ ಈ ಮಾತು ಗೊತ್ತಿರುವುದು ಇವರಿಗೆ ಮತ್ತು ನನಗೆ.

ಬುತ್ತಿಗಂಟು ಹಿಡಿದು ಹಿಂದೆ ಹಿಂದೆ ಹೋಗುತ್ತೇನೆ, ಜನ ನಗುತ್ತಾರೆ, ಹೆಂಡ್ತೀನ ಬಿಟ್ಟ ಒಂದ ಗಳಿಗಿ ಇರೂದಿಲ್ಲ ನೋಡ್ರಿ ನಮ್ಮ ಮೇಸ್ತ್ರಿ ಅಂತ, ನಗಲಿ, ನಕ್ಕರೆ ನಮ್ಮದೇನು ಹೋಯಿತು, ಹೊಗೆ ನೋಡುವವಳು ನಾನು, ಬಣ್ಣ ಹೇಳುವವಳು ನಾನು, ಆದರೆ ನಾಲ್ಕು ಜನರ ಮುಂದೆ ಹೊಗೆ ಅನ್ನುವಂತಿಲ್ಲವಲ್ಲ, ಸೀರೆ ಅನ್ನುತ್ತೇನೆ — ಕಪ್ಪು ಹೊಗೆ ಬಂದರೆ, ಏನ್ರಿ, ನನಗೊಂದ ಚಂದ್ರಕಾಳಿ ಸೀರಿ ಯಾವಾಗ ತರ್ತೀರಿ, ಪೆಟ್ರೋಲು ಹೆಚ್ಚು ಕುಡಿಯುತ್ತಿದೆ ಅಂತ ಇವರಿಗೆ ತಿಳಿಯಿತು, ನೀಲಿ ಸೀರೆ ಕೇಳಿದರೆ ಎಂಜಿನ್ ಎಣ್ಣೆ ಸುಡುತ್ತಿದೆ, ಬಿಳಿ ಹೊಗೆಗೆ ಮಾತ್ರ ಸೀರೆ ಕೇಳುವುದಿಲ್ಲ, ಮುತ್ತೈದೆ ಬಿಳಿ ಸೀರೆ ಕೇಳುವುದುಂಟೇ, ಬಾಯಾರಿಕೆ ಅನ್ನುತ್ತೇನೆ, ಒಳಗೆ ನೀರು ಸೇರಿದೆ ಅಂತ ಅರ್ಥ. ಬೈಲಹೊಂಗಲದ ಪೇಟೆಯಲ್ಲೆಲ್ಲ ನಾನು ಸೀರೆಹುಚ್ಚಿನ ಇಂದ್ರವ್ವ, ಇರುವುದು ಎರಡೇ ಸೀರೆ, ಒಂದು ಮೈಮೇಲೆ, ಒಂದು ಹಗ್ಗದ ಮೇಲೆ.

ಸಾವಕಾರರದು ಮೂವತ್ತನೇ ಇಸವಿಯ ಲಾರಿ, ಒಂಬತ್ತು ವರ್ಷ ಹತ್ತಿ ಹೊತ್ತು ಮುದುಕಿಯಾಗಿದೆ, ದಿನಕ್ಕೊಂದು ಸೇರು ಎಣ್ಣೆ ಸುಡುತ್ತದೆ, ಹುಬ್ಬಳ್ಳಿಯ ಮೇಸ್ತ್ರಿ ಒಳಗಿನ ಪಿಸ್ಟನ್ ರಿಂಗು ಸವೆದಿವೆ, ಇಡೀ ಎಂಜಿನ್ ಬಿಚ್ಚಬೇಕು ಅಂದನಂತೆ, ಇವರೂ ಮೊದಲು ರಿಂಗೇ ಅಂದರು, ನಾನು ಅಲ್ಲ ಅಂದೆ, ಏರು ಹತ್ತುವಾಗ ಹೊಗೆಯಿಲ್ಲ, ಭಾರ ಎಳೆಯುವಾಗ ಹಿಂದೆ ಗಾಳಿ ತಿಳಿಯಾಗಿದೆ, ಇಳಿಜಾರಿನಲ್ಲಿ ಡ್ರೈವರ್ ಯಮನಪ್ಪ ಆಕ್ಸಲರೇಟರಿನಿಂದ ಕಾಲು ತೆಗೆದು ಬಂದು ಬುಡದಲ್ಲಿ ಮತ್ತೆ ಒತ್ತಿದಾಗ ಭುಸ್ ಅಂತ ನೀಲಿ, ರಿಂಗು ಸವೆದಿದ್ದರೆ ಏರಿನಲ್ಲೇ ಬರಬೇಕಿತ್ತು, ಇದು ಎಂಜಿನ್ ಮೇಲಿನ ಹೆಡ್ಡಿನಿಂದ ಇಳಿದ ಎಣ್ಣೆ, ಗಾಳಿ ಒಳಬಿಡುವ ವಾಲು ಆಡುವ ತೂತು ಸವೆದಿದೆ, ಇಳಿಯುವಾಗ ಎಂಜಿನ್ ಆ ಸಂದಿಯಿಂದ ಎಣ್ಣೆ ಹೀರುತ್ತದೆ — ಇದನ್ನೆಲ್ಲ ಕಲಿಸಿದವರು ಇವರೇ, ಕಣ್ಣಿದ್ದಾಗ, ಈಗ ನೀ ಖರೇನ ನೋಡೀಯೇನ ಅಂತ ನನ್ನನ್ನೇ ಕೇಳಿದರು, ಸಿಟ್ಟು ನೆತ್ತಿಗೇರಿತು, ನೋಡದ ಹೇಳಾಕ ನನಗೇನ ಧಾಡಿ ಅಂದೆ. ಮರುದಿನ ಪ್ಲಗ್ಗಿನ ತೂತಿಗೆ ಒಂದೊಂದು ಚಮಚೆ ಎಣ್ಣೆ ಬಿಟ್ಟು ಹ್ಯಾಂಡಲ್ ತಿರುಗಿಸಿದರು, ರಿಂಗು ಸವೆದಿದ್ದರೆ ಎಣ್ಣೆ ಬಿದ್ದೊಡನೆ ಹ್ಯಾಂಡಲ್ ಬಿಗಿಯಾಗಬೇಕು, ಆಗಲಿಲ್ಲ, ಮೊದಲಿದ್ದಷ್ಟೇ, ನೀ ಹೇಳಿದ್ದ ಖರೆ ಅಂತ ಬಾಯಿಬಿಟ್ಟು ಅನ್ನಲಿಲ್ಲ, ಗಂಡಸು, ಉಣ್ಣುವಾಗ ತಮ್ಮ ಪಾಲಿನ ಶೇಂಗಾ ಚಟ್ನಿಯನ್ನು ನನ್ನ ಕಡೆ ಸರಿಸಿದರು, ಅಷ್ಟೇ. ಕಿತ್ತೂರಿನ ದಾರಿಯಲ್ಲಿ ಉರುಳಿ ಬಿದ್ದ ಇದೇ ಜಾತಿಯ ಲಾರಿಯ ಹೆಡ್ಡು ಚಕ್ಕಡಿಯಲ್ಲಿ ಬಂತು, ಎರಡೂ ಹೆಡ್ಡಿನ ವಾಲು ಹಿಡಿದು ಅಲ್ಲಾಡಿಸಿದರು, ಹಳೆಯದರಲ್ಲಿ ಮುದುಕರ ಹಲ್ಲಿನಂತೆ ಅಲುಗಿತು, ಹೊಸದರಲ್ಲಿ ಇಲ್ಲ, ಕೂಡಿಸಿ ನಡುವಿನಿಂದ ಹೊರಕ್ಕೆ ಒಂದೊಂದೇ ನಟ್ಟು ಬಿಗಿದರು, ಸಾವಕಾರರು ನೋಡುತ್ತ ನಿಂತವರು ಕಣ್ಣ ಮುಚ್ಚಿದ್ರೂ ಮಾಡ್ತೀರಿ ಬಿಡ್ರಿ ಅಂದರು, ಇವರು ನಕ್ಕರು, ಆಮೇಲೆ ಸಾವಕಾರರು ನಗದೆ ಹೇಳಿದರು, ಹೊಗಿ ನಿಲ್ಲಲಿಲ್ಲಂದ್ರ ಹುಬ್ಬಳ್ಳಿಗೆ ಕಳಸ್ತೇನಿ ಮೇಸ್ತ್ರಿ, ಆಮ್ಯಾಲೆ ಪ್ಯಾಟ್ಯಾಗ ನಿಮ್ಮ ಕಡೆ ಯಾ ಗಾಡೀನೂ ಬರೂದಿಲ್ಲ. ಬರುತ್ತವೆ, ಯಾಕೆ ಬರುವುದಿಲ್ಲ, ಹೊಗೆ ನಾನೇ ನೋಡಿದ್ದೇನೆ.

ಬಂತು, ಈಗ ಲಾರಿ ಖರೇ ಬಂತು, ತಿರುವು ದಾಟಿತು, ಕೊಳವೆಯಲ್ಲಿ ಉಳಿದ ಹಳೆ ಎಣ್ಣೆಯನ್ನು ಬೆಳಿಗ್ಗೆಯಿಂದ ಎರಡು ಸಲ ಗುಡ್ಡ ಹತ್ತಿಸಿ ಸುಟ್ಟಾಯಿತು, ಇನ್ನು ನೀಲಿ ಕಂಡರೆ ತಪ್ಪು ನನ್ನದೇ, ಮೈಲಿಗಲ್ಲಿನ ಪಕ್ಕ ಇವರ ಬಲಕ್ಕೆ ನಿಂತಿದ್ದೇನೆ, ಯಮನಪ್ಪ ಕಾಲು ತೆಗೆದಿದ್ದಾನೆ, ಇಳಿಯುತ್ತಿದೆ, ಬುಡ ಮುಟ್ಟಿತು, ಒತ್ತಿದ — ಏನೂ ಇಲ್ಲ, ಬಿಸಿಲು, ಬಿಸಿಲ ಹಿಂದೆ ಜಾಲಿಗಿಡ, ಗಿಡದ ಮುಳ್ಳು ಸಹಿತ ಕಾಣುತ್ತಿದೆ. ಏನ್ರಿ, ನನಗ ಯಾ ಸೀರೀನೂ ಬ್ಯಾಡ, ಇದ್ದದ್ದ ಸಾಕು ಅಂದೆ, ಇವರ ಮುಖ ಅರಳಿತು, ಎರಡು ವರ್ಷದಲ್ಲಿ ಹಾಗೆ ಅರಳಿದ್ದು ನೋಡಿಲ್ಲ, ನನಗೆ ನಿಲ್ಲಲಾಗಲಿಲ್ಲ, ಮುಂದೆ ಬಂದು ನಿಂತು ಗಡಗಡ ಅನ್ನುತ್ತಿದ್ದ ಲಾರಿಯ ಹಿಂದೆ ಓಡಿ ಕೊಳವೆಯ ಬಾಯಿಗೆ ಅಂಗೈ ಒಡ್ಡಿದೆ, ಬಿಸಿ ಗಾಳಿ, ಒಂದು ಹನಿ ಎಣ್ಣೆಯಿಲ್ಲ, ಅಂಗೈ ಒಣಗಿದೆ, ನಾನು ಗೆದ್ದೆ, ಅತ್ತ ಸಾವಕಾರರು ಇವರ ಬೆನ್ನು ತಟ್ಟುತ್ತಿದ್ದಾರೆ, ಏನ್ ಕಣ್ರಿ ನಿಮ್ಮವು ಮೇಸ್ತ್ರಿ, ಹುಬ್ಬಳ್ಳಿಯವ್ರಿಗೆ ಕಾಣದ್ದು ನಿಮಗ ಕಂಡಿತಲ್ಲ, ಹೂಂ ಅನ್ನಿರಿ, ಹೂಂ ಅಂದು ಸುಮ್ಮನಿರಿ, ಇವರು ಸುಮ್ಮನಿರಲಿಲ್ಲ, ನನ್ನ ಕಣ್ಣಲ್ರಿ ಸಾವಕಾರ್ರ, ಕಂಡಾಕಿ ಅಕಿ, ನಾ ರಿಂಗ ಅಂದಿದ್ದೆ, ಅಕೀನ ಅಲ್ಲ ಅಂದ್ಲು, ಅಲ್ಲಿ ನಿಂತಾಳ ನೋಡ್ರಿ ಅಂದರು, ನಾನು ಹಿಗ್ಗಿದೆ, ಬಾಯಿಬಿಟ್ಟು ಅಂದೇಬಿಟ್ಟರಲ್ಲ ಕಡೆಗೆ, ಎಲ್ಲರ ಮುಂದೆ — ಕೈ ಚಾಚಿ ಬೆರಳು ಮಾಡಿದರು, ಮೈಲಿಗಲ್ಲಿನ ಕಡೆ. ನಾನು ಇಲ್ಲಿದ್ದೇನೆ, ಲಾರಿಯ ಹಿಂದೆ, ಎಡಕ್ಕೆ, ಹನ್ನೆರಡು ಹೆಜ್ಜೆ, ಸಾವಕಾರರು ಬೆರಳಿನ ಗುಂಟ ನೋಡಿದರು, ಕಲ್ಲು ನೋಡಿದರು, ನನ್ನನ್ನು ನೋಡಿದರು, ಬೆನ್ನು ತಟ್ಟುತ್ತಿದ್ದ ಕೈ ಅಲ್ಲೇ ನಿಂತಿತು, ಯಮನಪ್ಪ ಎಂಜಿನ್ ಆರಿಸಿದ, ಎಲ್ಲ ಸುಮ್ಮನಾಯಿತು, ಈಗ ಕಲ್ಲಿನ ಕಡೆ ಓಡಿದರೆ ಇವರಿಗೆ ಹೆಜ್ಜೆ ಕೇಳುತ್ತದೆ, ಓಡದಿದ್ದರೆ ಆ ಬೆರಳು, ನಗುತ್ತ ಹೆಮ್ಮೆಯಿಂದ ಚಾಚಿದ ಬೆರಳು, ಒಂದಿಷ್ಟೂ ನಡುಗುತ್ತಿಲ್ಲ, ಯಾರೂ ಇಲ್ಲದ ಕಲ್ಲಿನ ಕಡೆ, ಆ ಬೆರಳು —