ಹಳೆಯ ಹೊಲಿಗೆ ಯಂತ್ರ ಇದೆಯೇ?

ಮನೆಬಳಕೆಯ ಯಂತ್ರಗಳನ್ನು ರಿಪೇರಿ ಮಾಡುವ ಆ ಅಂಗಡಿಯ ವೆಬ್‌ಸೈಟಿನಲ್ಲಿ ನಲವತ್ತೊಂದು ಪುಟಗಳಿದ್ದವು. ನಲವತ್ತು ಪುಟಗಳಿಗೆ ಒಂದರಿಂದೊಂದಕ್ಕೆ ಕೊಂಡಿ ಇತ್ತು: ಫ್ರಿಜ್ ಪುಟದಿಂದ ವಾಷಿಂಗ್ ಮಷೀನಿಗೆ, ಅಲ್ಲಿಂದ ಎಸಿಗೆ. ಹೊಲಿಗೆ ಯಂತ್ರದ ಪುಟಕ್ಕೆ ಮಾತ್ರ ಎಲ್ಲಿಂದಲೂ ದಾರಿ ಇರಲಿಲ್ಲ. ಮಾಲೀಕರ ಮಗಳು ಇದನ್ನು ಗಮನಿಸಿದ್ದು ಸೋಮವಾರ. ಅದಕ್ಕೆ ಎರಡು ದಿನ ಮೊದಲು ಅವಳ ಅಪ್ಪ ಅವಳ ಚಿಕ್ಕಪ್ಪನಿಗೆ ಗಡುವು ಕೊಟ್ಟಿದ್ದರು: ತಿಂಗಳೊಳಗೆ ಹತ್ತು ಹೊಲಿಗೆ ಯಂತ್ರ ರಿಪೇರಿಗೆ ಬರದಿದ್ದರೆ ಕಿಟಕಿ ಪಕ್ಕದ ಅವರ ಮೇಜು ಎಸಿ ಕೆಲಸದವರಿಗೆ.

"ಅಂದ್ರೆ ಮನೆ ಕಟ್ಟಿ ಬಾಗಿಲು ಇಡೋದನ್ನೇ ಮರೆತಿದ್ದೀರಿ," ಎಂದು ಚಿಕ್ಕಪ್ಪ ನಕ್ಕರು. ಇಪ್ಪತ್ತೆಂಟು ವರ್ಷಗಳಲ್ಲಿ ಅವರು ಹೊಲಿಗೆ ಯಂತ್ರ ಬಿಟ್ಟು ಬೇರೇನನ್ನೂ ಬಿಚ್ಚಿದವರಲ್ಲ. "ಬೇಗ ಇಡು ಮಗಳೇ. ನೊಣ ಹೊಡೆದು ಹೊಡೆದು ಅದರಲ್ಲೇ ಕೈ ಪಳಗಿಬಿಟ್ಟಿದೆ."

ಅವಳು ನಲವತ್ತೂ ಪುಟಗಳ ಕೊನೆಗೆ ಒಂದು ಸಾಲು ಸೇರಿಸಿದಳು: 'ಮನೆಯಲ್ಲಿ ಹಳೆಯ ಹೊಲಿಗೆ ಯಂತ್ರ ಇದೆಯೇ?' ಒತ್ತಿದರೆ ಚಿಕ್ಕಪ್ಪನ ಪುಟ, ಅವರ ಫೋನ್ ನಂಬರು.

ಬುಧವಾರದಿಂದ ಫೋನ್ ಬಡಿದುಕೊಳ್ಳತೊಡಗಿತು. ಮೊದಲ ಕರೆಗೆ ಚಿಕ್ಕಪ್ಪ ಎದ್ದು ನಿಂತು ಮಾತಾಡಿದರು.

"ಹೌದಮ್ಮ, ನಾನೇ... ಹೊತ್ತು ತರ್ಬೇಡಿ, ನಾನೇ ಬರ್ತೀನಿ. ಏನಾಗಿದೆ ಅದಕ್ಕೆ?" ಸ್ವಲ್ಪ ಹೊತ್ತು ಕೇಳಿಸಿಕೊಂಡರು. ಮತ್ತೆ ಕೂತರು. "ಇಲ್ಲಮ್ಮ, ನಾನು ಗುಜರಿಯವನಲ್ಲ."

ಎರಡು ವಾರದಲ್ಲಿ ಇಪ್ಪತ್ತಾರು ಕರೆ. ಇಪ್ಪತ್ತೈದು ಮಂದಿ ಕೇಳಿದ್ದು ಒಂದೇ: ಯಾವಾಗ ಬಂದು ತಗೊಂಡು ಹೋಗ್ತೀರಿ? ಉಳಿದ ಒಬ್ಬರದು ರಾಂಗ್ ನಂಬರು.

ಆ ಸಾಲನ್ನು ಗಟ್ಟಿಯಾಗಿ ಓದಿಕೊಂಡಾಗ ಅವಳಿಗೂ ಗುಜರಿ ಗಾಡಿಯವನ ಕೂಗೇ ಕೇಳಿಸಿತು. ಅಳಿಸಿ, 'ಹೊಲಿಗೆ ಯಂತ್ರ ರಿಪೇರಿ' ಎಂದು ನೆಟ್ಟಗೆ ಬರೆದಳು. ಮುಂದಿನ ಹನ್ನೊಂದು ದಿನಗಳಲ್ಲಿ ಅದನ್ನು ಒತ್ತಿದವರು ಇಬ್ಬರು. ಒಬ್ಬಳು ಅವಳೇ, ಕೊಂಡಿ ಸರಿಯಿದೆಯೇ ಎಂದು ನೋಡಲು. ಇನ್ನೊಬ್ಬರು ಚಿಕ್ಕಪ್ಪ.

ಗಡುವು ಮುಗಿದ ದಿನ ಅಪ್ಪ ಎರಡೂ ಅಂಕಿಗಳನ್ನು ನೋಡಿದರು. "ಮೊದಲಿನ ಸಾಲನ್ನೇ ಹಾಕು. ವ್ಯಾನ್ ಹೇಗೂ ಅರ್ಧ ದಿನ ಸುಮ್ನೆ ನಿಂತಿರುತ್ತೆ. ಮನೆಗೇ ಬಂದು ಹಳೇ ಮಷೀನ್ ಗುಜರಿಗೆ ಒಯ್ತೀವಿ ಅಂತ ಪುಟ ತಿದ್ದಿಬಿಡು."

"ಮತ್ತೆ ಚಿಕ್ಕಪ್ಪ?"

"ವ್ಯಾನಲ್ಲಿ ಅವನೇ ಹೋಗ್ಲಿ. ಹೊಲಿಗೆ ಮಷೀನ್ ಅಂದ್ರೆ ಪ್ರಾಣ ಬಿಡ್ತಾನಲ್ಲ!"

ತಿದ್ದಲು ಅವಳಿಗೆ ಆರು ನಿಮಿಷ ಹಿಡಿಯಿತು. ಅಷ್ಟರಲ್ಲಿ ಚಿಕ್ಕಪ್ಪ ಮೇಜು ಖಾಲಿ ಮಾಡಿದ್ದರು.

ಅವರು ಹೋದ ಮೊದಲ ಮನೆ ಮೂರನೇ ಮಹಡಿಯಲ್ಲಿತ್ತು. ಯಂತ್ರ ಎರಡು ವರ್ಷದಿಂದ ಕೆಟ್ಟು ಕೂತಿದೆ ಎಂದರು ಮನೆಯಾಕೆ. ಚಿಕ್ಕಪ್ಪ ಬಗ್ಗಿ ನೋಡಿ, ಬಾಬಿನ್ ಕೆಳಗೆ ಸಿಕ್ಕಿಕೊಂಡಿದ್ದ ಬೆರಳುದ್ದದ ದಾರವನ್ನು ಚಿಮಟದಲ್ಲಿ ಎಳೆದು ತೆಗೆದರು. ಚಕ್ರ ತಿರುಗಿಸಿದರು. ಸೂಜಿ ಇಳಿದು ಎದ್ದಿತು.

"ಸರಿಹೋಯ್ತಮ್ಮ. ಇನ್ನೂ ಇಪ್ಪತ್ತು ವರ್ಷ ಹೊಲೀಬಹುದು."

"ಹೌದಾ? ಒಳ್ಳೇದಾಯ್ತು," ಎಂದರು ಆಕೆ, ಪಕ್ಕಕ್ಕೆ ಸರಿದು. "ಇಳಿಸೋವಾಗ ಗೋಡೆಗೆ ತಾಗಿಸ್ಬೇಡಿ. ಮೊನ್ನೆಯಷ್ಟೇ ಬಣ್ಣ ಹೊಡೆಸಿದ್ದೀವಿ."